ಅಡ್ಜಸ್ಟಬಲ್ ಡ್ರೈವರೋ, ಫಿಕ್ಸೆಡ್ ಡ್ರೈವರೋ? ಬಳ್ಳಾರಿ–ರಾಯಚೂರು ಸೀಮೆಯ ಹವ್ಯಾಸಿ ಗಾಲ್ಫ್ ಆಟಗಾರರಿಗೆ

ತೋರಣಗಲ್ಲಿನ ಟೌನ್‌ಶಿಪ್ ಇರಲಿ, ಸಂಡೂರಿನ ಗಣಿ ಆಫೀಸಿರಲಿ, ಶಕ್ತಿನಗರದ ಕ್ವಾರ್ಟರ್ಸ್ ಇರಲಿ, ಗಂಗಾವತಿಯ ರೈಸ್‌ಮಿಲ್ ಇರಲಿ, ಈ ಕಡೆ ಗಾಲ್ಫ್ ಹಚ್ಚಿಕೊಂಡವರ ಪಾಡು ಒಂದೇ. ವಾರವಿಡೀ ಮಾಳಿಗೆಯ ಮೇಲೆ ನೆಟ್ ಕಟ್ಟಿ ಹೊಡೆಯುವುದು, ಬಿಡುವಾದಾಗ ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಹದಿನೆಂಟು ಹೋಲ್ ಆಡಿ ಬರುವುದು. ಬಳ್ಳಾರಿಯಿಂದ ಬೆಂಗಳೂರು 300 ಕಿಲೋಮೀಟರಿಗೂ ಮೇಲೆ. ರಾಯಚೂರಿನಿಂದ ಹೈದರಾಬಾದ್ 200 ಕಿಲೋಮೀಟರಿನ ಆಸುಪಾಸು. ಅಳತೆ ನೋಡಿ ಕ್ಲಬ್ ಹೊಂದಿಸಿಕೊಡುವವರು, ಹತ್ತು ಬಾಲ್ ಹೊಡೆದು ನೋಡಿ ಕೊಳ್ಳಿ ಎನ್ನುವ ಅಂಗಡಿ, ಅಂಟು ಬಿಟ್ಟ ಹೆಡ್ ಮತ್ತೆ ಕೂರಿಸಿಕೊಡುವ ಕೈ, ಎಲ್ಲ ಇರುವುದು ಅಲ್ಲೇ. ಡ್ರೈವರ್, ಅಂದರೆ ಬಾಲನ್ನು ಅತಿ ದೂರ ಹೊಡೆಯುವ ಕ್ಲಬ್, ಆರಿಸುವ ಲೆಕ್ಕದಲ್ಲಿ ಈ ದೂರವೂ ಸೇರಬೇಕು. ಸೇರಿಸಿದರೆ ಉತ್ತರವೂ ಸ್ವಲ್ಪ ಬದಲಾಗುತ್ತದೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಫಿಟ್ಟಿಂಗ್ (ಅಳತೆಗೆ ತಕ್ಕ ಹೊಂದಿಕೆ) ಮಾಡಿಸಿಕೊಂಡು ಸರಿಯಾದ ಲಾಫ್ಟಿನ (ಫೇಸ್, ಅಂದರೆ ಬಾಲಿಗೆ ತಾಗುವ ಮುಖ, ಮೇಲಕ್ಕೆ ವಾಲಿರುವ ಕೋನ) ಡ್ರೈವರ್ ಕೊಂಡವರಿಗೆ, ಸೆಟ್ಟಿಂಗ್ ಬದಲಿಸಬಹುದಾದ ಅಡ್ಜಸ್ಟಬಲ್‌ನಿಂದ ಹೆಚ್ಚುವರಿ ಸಿಗುವುದು ತೀರಾ ಕಡಿಮೆ. ಫಿಟ್ಟಿಂಗ್ ಇಲ್ಲದೆ, ಆನ್‌ಲೈನಿನಲ್ಲೋ ಸೆಕೆಂಡ್‌ಹ್ಯಾಂಡಿನಲ್ಲೋ ಅಂದಾಜಿನ ಮೇಲೆ ಕೊಳ್ಳುವವರಿಗೆ, ಅಂದರೆ ನಮ್ಮ ಕಡೆಯ ಬಹುಪಾಲು ಜನಕ್ಕೆ, ಲಾಫ್ಟ್ ಬದಲಿಸುವ ಸ್ಲೀವ್ (ಕೋಲಿನ ತುದಿಯ ಕೊಳವೆ) ಇರುವ ಡ್ರೈವರೇ ಸರಿ. ಅಂದಾಜು ಒಂದು ಡಿಗ್ರಿ ತಪ್ಪಿದರೆ ಮನೆಯಲ್ಲೇ ತಿದ್ದಿಕೊಳ್ಳಬಹುದು. ಅದಕ್ಕೂ ಮೇಲೆ, ಸೋಲ್‌ನಲ್ಲಿ, ಅಂದರೆ ಹೆಡ್ಡಿನ ತಳದಲ್ಲಿ, ಹಳಿಯ ಮೇಲೆ ಓಡುವ ತೂಕಕ್ಕೆಂದೇ ಹೆಚ್ಚು ಹಣ ಕೊಡುವುದು ಹವ್ಯಾಸಿಗೆ ದಂಡ. ಇನ್ನೊಂದು ಮಾತು: ಒಮ್ಮೆ ಪರೀಕ್ಷೆ ಮಾಡಿ ಸೆಟ್ಟಿಂಗ್ ಹಿಡಿದ ಮೇಲೆ ಅದನ್ನು ಮುಟ್ಟಬಾರದು. ಪ್ರತಿ ಭಾನುವಾರ ತಿರುಗಿಸುವವರಿಗೆ ಅಡ್ಜಸ್ಟಬಲ್ ಡ್ರೈವರ್ ಲಾಭಕ್ಕಿಂತ ನಷ್ಟವನ್ನೇ ತರುತ್ತದೆ.

ಒಳಗೆ ಏನಿದೆ

ಫಿಕ್ಸೆಡ್ ಡ್ರೈವರಿನಲ್ಲಿ ಶಾಫ್ಟಿನ (ಕೋಲಿನ) ತುದಿ ಹೆಡ್ಡಿನ ಕುತ್ತಿಗೆಯೊಳಗೆ, ಅಂದರೆ ಹೋಸೆಲ್‌ನೊಳಗೆ, ನೇರವಾಗಿ ಎಪಾಕ್ಸಿ ಅಂಟಿನಲ್ಲಿ ಕೂತಿರುತ್ತದೆ. ಲಾಫ್ಟ್, ಲೈ (ಶಾಫ್ಟ್ ನೆಲಕ್ಕೆ ಮಾಡುವ ಕೋನ), ಫೇಸಿನ ದಿಕ್ಕು ಮೂರೂ ಕಾರ್ಖಾನೆಯಲ್ಲೇ ತೀರ್ಮಾನ.

ಅಡ್ಜಸ್ಟಬಲ್‌ನಲ್ಲಿ ಶಾಫ್ಟಿನ ತುದಿಗೆ ಅಲ್ಯೂಮಿನಿಯಂ ಸ್ಲೀವ್ ಒಂದನ್ನು ಅಂಟಿಸಿರುತ್ತಾರೆ. ಆ ಸ್ಲೀವಿನ ತೂತನ್ನು ನಟ್ಟನಡುವೆ ನೇರವಾಗಿ ಕೊರೆದಿರುವುದಿಲ್ಲ, ಒಂದಿಷ್ಟು ಓರೆಯಾಗಿ ಕೊರೆದಿರುತ್ತಾರೆ. ಗುಟ್ಟೆಲ್ಲ ಆ ಓರೆಯಲ್ಲೇ ಇದೆ. ಸ್ಲೀವ್ ತಿರುಗಿಸಿದಂತೆ ಹೆಡ್ಡಿಗೆ ಶಾಫ್ಟ್ ಸೇರುವ ಕೋನ ಬದಲಾಗುತ್ತದೆ. ಸೋಲ್ ಕಡೆಯಿಂದ ಒಂದು ಸ್ಕ್ರೂ ಬಂದು ಸ್ಲೀವನ್ನು ಕೆಳಗೆಳೆದು ಹಿಡಿಯುತ್ತದೆ. ಟೇಲರ್‌ಮೇಡ್ ಕಂಪನಿಯ ಸ್ಲೀವಿನಲ್ಲಿ ಲಾಫ್ಟನ್ನು 2 ಡಿಗ್ರಿ ಮೇಲೆ, 2 ಡಿಗ್ರಿ ಕೆಳಗೆ ಮಾಡಬಹುದು, ಒಟ್ಟು 12 ಸ್ಥಾನ. ಪಿಂಗ್‌ನದು ಒಂದೂವರೆ ಡಿಗ್ರಿ, 8 ಸ್ಥಾನ. ಕ್ಯಾಲವೇಯಲ್ಲಿ ಎರಡು ಬಳೆ ಇದ್ದು, ಒಂದರಲ್ಲಿ ಲಾಫ್ಟ್ (1 ಕಡಿಮೆ, ಸ್ಟ್ಯಾಂಡರ್ಡ್, 1 ಹೆಚ್ಚು, 2 ಹೆಚ್ಚು), ಇನ್ನೊಂದರಲ್ಲಿ ಲೈ. ಟೈಟ್ಲಿಸ್ಟ್‌ನ ಸ್ಲೀವಿಗೆ 16 ಸ್ಥಾನ. 2025ರ ಕೋಬ್ರಾ ಸ್ಲೀವಿಗೆ 33. ಹವ್ಯಾಸಿಗೆ ಇವುಗಳಲ್ಲಿ ಕೆಲಸಕ್ಕೆ ಬರುವುದು ಮೂರು ಅಥವಾ ನಾಲ್ಕು. ಉಳಿದವು ಇವೆ ಎಂಬುದನ್ನು ಮರೆತರೂ ನಡೆಯುತ್ತದೆ.

ಮೂರನೆಯ ಬಗೆ, ತೂಕ ಬದಲಿಸುವುದು. ಇದು ಸ್ಲೀವಿಗಿಂತ ಹಳೆಯದು: 2004ರ ಟೇಲರ್‌ಮೇಡ್ ಆರ್7 ಕ್ವಾಡ್‌ನಲ್ಲಿ ನಾಲ್ಕು ತೂಕದ ಸ್ಕ್ರೂ ಅದಲುಬದಲು ಮಾಡಬಹುದಿತ್ತು. ತೂಕ ಬಿಟ್ಟು ಬೇರೆ ಹೊಂದಾಣಿಕೆಗಳಿಗೆ ನಿಯಮ ಒಪ್ಪಿದ್ದು 2008ರಿಂದ. ಅದರ ಮರುವರ್ಷವೇ ಸ್ಲೀವ್ ಇರುವ ಡ್ರೈವರ್‌ಗಳು ಅಂಗಡಿಯಲ್ಲಿ ಕಂಡವು.

ಸ್ಲೀವ್ ನಿಜವಾಗಿ ಬದಲಿಸುವುದೇನು

ಹೆಚ್ಚಿನವರು ಎಡವುವುದು ಇಲ್ಲಿ. "ಲಾಫ್ಟ್ 2 ಡಿಗ್ರಿ ಏರಿಸಿದೆ, ಬಾಲ್ ಮೇಲಕ್ಕೇಳಲಿಲ್ಲ, ಎಡಕ್ಕೆ ಹೋಯಿತು" ಎಂಬ ದೂರು ಸಾಮಾನ್ಯ. ದೂರು ನಿಜ, ಕಾರಣವೂ ಸರಳ.

ಮನೆಯಲ್ಲೇ ನೋಡಿ ತಿಳಿಯಬಹುದು. ಶಹಾಬಾದ್ ಪರಸಿಯೋ ಟೈಲ್ಸೋ ಹಾಕಿದ ಸಮತಟ್ಟಾದ ನೆಲ ಸಾಕು. ಎರಡು ಕಲ್ಲು ಕೂಡುವ ಗೆರೆಯೊಂದನ್ನು ಆರಿಸಿ, ಬಾಲ್ ಹೋಗಬೇಕಾದ ದಿಕ್ಕು ಆ ಗೆರೆಗೆ ಅಡ್ಡ ಎಂದಿಟ್ಟುಕೊಳ್ಳಿ. ಸ್ಟ್ಯಾಂಡರ್ಡ್ ಸೆಟ್ಟಿಂಗಿನಲ್ಲಿ ಡ್ರೈವರ್ ಸೋಲನ್ನು ನೆಲಕ್ಕೆ ಊರಿ, ಗ್ರಿಪ್ ಹಿಡಿಯದೆ ಎರಡು ಬೆರಳಲ್ಲಿ ಶಾಫ್ಟ್ ತಾಂಗಿಸಿ ನಿಲ್ಲಿಸಿ. ಫೇಸಿನ ಮೇಲಂಚಿನ ಎರಡು ತುದಿ ಗೆರೆಗೆ ಸಮನಾಗಿ ಕೂರುತ್ತವೆಯೇ ನೋಡಿ. ಈಗ ಲಾಫ್ಟ್ 2 ಡಿಗ್ರಿ ಏರಿಸಿ ಮತ್ತೆ ಅಲ್ಲೇ ಊರಿ. ಟೋ, ಅಂದರೆ ಶಾಫ್ಟಿಗೆ ದೂರದ ತುದಿ, ಮುಂದಕ್ಕೆ ಬಂದು, ಬಲಗೈ ಆಟಗಾರನಿಗೆ ಫೇಸ್ ಎಡಕ್ಕೆ ನೋಡುತ್ತಿರುತ್ತದೆ. ಟೇಲರ್‌ಮೇಡ್ ಲೆಕ್ಕದಲ್ಲಿ ಲಾಫ್ಟ್ 2 ಡಿಗ್ರಿ ಏರಿದರೆ, ನೆಲಕ್ಕೆ ಊರಿದಾಗ ಫೇಸ್ 4 ಡಿಗ್ರಿ ಮುಚ್ಚುತ್ತದೆ. ಹತ್ತು ಸೆಂಟಿಮೀಟರ್ ಅಗಲದ ಫೇಸಿನಲ್ಲಿ 4 ಡಿಗ್ರಿ ಎಂದರೆ ಒಂದು ತುದಿ ಇನ್ನೊಂದಕ್ಕಿಂತ 7 ಮಿಲಿಮೀಟರ್ ಮುಂದೆ. ಬರಿಗಣ್ಣಿಗೇ ಕಾಣುತ್ತದೆ. ಲಾಫ್ಟ್ ಇಳಿಸಿದರೆ ಇದರ ಉಲ್ಟಾ: ಫೇಸ್ ಬಲಕ್ಕೆ ತೆರೆದುಕೊಳ್ಳುತ್ತದೆ.

ಈ ಹೊತ್ತಿಗೆ ಆಟಗಾರ ಏನು ಮಾಡುತ್ತಾನೆ ಎಂಬುದರ ಮೇಲೆ ಎಲ್ಲ ನಿಂತಿದೆ. ಕೆಲವರು ಕ್ಲಬ್ ಊರಿದಾಗ ಹೇಗೆ ಕೂತಿತೋ ಹಾಗೇ ಗ್ರಿಪ್ ಹಿಡಿದು ಹೊಡೆಯುತ್ತಾರೆ. ಇವರಿಗೆ ಸ್ಲೀವ್ ಬದಲಿಸುವುದು ಮುಖ್ಯವಾಗಿ ಫೇಸಿನ ದಿಕ್ಕನ್ನು. ಬಾಲಿಗೆ ತಾಗುವ ಲಾಫ್ಟ್ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಇನ್ನು ಕೆಲವರಿಗೆ ಎಡಕ್ಕೆ ನೋಡುವ ಫೇಸ್ ಕಣ್ಣಿಗೆ ಹಿಡಿಸುವುದಿಲ್ಲ. ಮೊದಲು ಅದನ್ನು ನೇರ ಮಾಡಿಕೊಂಡು ಆಮೇಲೆ ಗ್ರಿಪ್ ಹಿಡಿಯುತ್ತಾರೆ. ಇವರಿಗೆ ಲಾಫ್ಟ್ ನಿಜಕ್ಕೂ ಏರುತ್ತದೆ, ದಿಕ್ಕು ಅಷ್ಟಾಗಿ ಬದಲಾಗುವುದಿಲ್ಲ. ನೀವು ಯಾವ ಜಾತಿ ಎಂದು ತಿಳಿಯದೆ ಸೆಟ್ಟಿಂಗಿಗೆ ಕೈ ಹಾಕಬೇಡಿ. ಮೊಬೈಲನ್ನು ಬಾಲಿನ ಹಿಂದೆ ನೆಲಮಟ್ಟದಲ್ಲಿಟ್ಟು, ನೀವು ನಿಲ್ಲುವುದನ್ನು ನಾಲ್ಕು ಸಲ ವಿಡಿಯೋ ಮಾಡಿದರೆ ಗೊತ್ತಾಗುತ್ತದೆ.

ಇನ್ನೊಂದು ಸಣ್ಣ ಸಂಗತಿ. ಕೆಲವು ಸ್ಲೀವ್‌ಗಳಲ್ಲಿ ಶಾಫ್ಟ್ ಕೂಡ ಜೊತೆಗೇ ತಿರುಗುತ್ತದೆ, ಅಂದರೆ ಗ್ರಿಪ್ಪೂ ತಿರುಗುತ್ತದೆ. ಗ್ರಿಪ್ಪಿನ ಕೆಳಭಾಗದಲ್ಲಿ ಉಬ್ಬುಗೆರೆ ಇದ್ದರೆ ಅದು ಬೆರಳಿಗೆ ಬೇರೆ ಜಾಗದಲ್ಲಿ ತಾಗಿ, ಗೊತ್ತಿಲ್ಲದೆ ಹಿಡಿತ ಬದಲಾಗುತ್ತದೆ. ಹಾಗಾದಾಗ ಬಾಲಿನಲ್ಲಿ ಕಂಡ ವ್ಯತ್ಯಾಸ ಸ್ಲೀವಿನದೋ ಹಿಡಿತದ್ದೋ ಹೇಳಲಾಗದು. ಇಂಥ ಡ್ರೈವರಿಗೆ ಸುತ್ತಲೂ ಒಂದೇ ಸಮನಿರುವ, ಉಬ್ಬುಗೆರೆ ಇಲ್ಲದ ಗ್ರಿಪ್ ಹಾಕಿಸಿ.

ಸ್ಲೈಸಿಗೆ (ಬಾಲ್ ಬಲಕ್ಕೆ ಬಾಗುವುದಕ್ಕೆ) ಎಷ್ಟು ಉಪಕಾರ

ಬಾಲ್ ಯಾವ ದಿಕ್ಕಿಗೆ ಹೊರಡುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ತಾಗುವ ಕ್ಷಣದಲ್ಲಿ ಫೇಸ್ ಇರುವ ದಿಕ್ಕು. ಎಷ್ಟು ಬಾಗುತ್ತದೆ ಎಂಬುದು ಫೇಸಿಗೂ ಕ್ಲಬ್ ಓಡುವ ದಾರಿಗೂ ಇರುವ ಅಂತರ. ಫೇಸ್ 1 ಡಿಗ್ರಿ ತಿರುಗಿದರೆ 200 ಗಜದ ದೂರದಲ್ಲಿ ಹೊರಡುವ ದಿಕ್ಕೊಂದರಿಂದಲೇ ಮೂರೂವರೆ ಗಜ ವ್ಯತ್ಯಾಸ. 2 ಡಿಗ್ರಿಗೆ 7 ಗಜ. ಅದರ ಜೊತೆ ಬಾಗುವುದೂ ಕಡಿಮೆಯಾಗುತ್ತದೆ. ಲಾಫ್ಟ್ ಹೆಚ್ಚಿದ್ದಷ್ಟೂ ಹಿಂಬದಿ ಸ್ಪಿನ್ ಹೆಚ್ಚಿ ಪಕ್ಕದ ಬಾಗು ತಗ್ಗುತ್ತದೆ ಎಂಬುದು ಇನ್ನೊಂದು ಲಾಭ. ಲಾಫ್ಟ್ ಹೆಚ್ಚಿರುವ 7 ಐರನ್ ಕ್ಲಬ್ಬಿನಲ್ಲಿ ನೇರ ಹೊಡೆಯುವವರೂ ಡ್ರೈವರಿನಲ್ಲಿ ಸ್ಲೈಸ್ ಮಾಡುವುದು ಇದೇ ಕಾರಣಕ್ಕೆ.

ಹಾಗಾಗಿ ಹದಿನೈದು ಗಜ ಬಲಕ್ಕೆ ಹೋಗುವವರ ಸ್ಲೈಸನ್ನು ಸ್ಲೀವ್ ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ಹಾದಿ) ಒಳಗೆ ತರಬಲ್ಲದು. ನಲವತ್ತು ಗಜ ಬಲಕ್ಕೆ ಹೋಗುವವರಿಗೆ ಸ್ಲೀವ್ ಔಷಧವಲ್ಲ. ಅವರ ಫೇಸ್ ದಾರಿಗಿಂತ ಬಹಳ ತೆರೆದಿದೆ, ಗ್ರಿಪ್ ಮತ್ತು ಸ್ವಿಂಗ್ ತಿದ್ದಬೇಕು. ಅಂಥವರು ಹೊಸ ಡ್ರೈವರಿನ ದುಡ್ಡಿನಲ್ಲಿ ಬೆಂಗಳೂರಿನ ಒಬ್ಬ ಒಳ್ಳೆಯ ಕೋಚ್ ಹತ್ತಿರ ನಾಲ್ಕಾರು ಪಾಠ ತೆಗೆದುಕೊಂಡರೆ ಖರ್ಚೂ ಕಡಿಮೆ, ಗುಣವೂ ಹೆಚ್ಚು. ಇದನ್ನು ಒತ್ತಿ ಹೇಳುತ್ತೇವೆ, ಏಕೆಂದರೆ ಅಡ್ಜಸ್ಟಬಲ್ ಡ್ರೈವರ್ ಕೊಂಡು ಬೇಸರಪಟ್ಟುಕೊಳ್ಳುವವರು ಹೆಚ್ಚಾಗಿ ಇವರೇ.

ಸ್ಲೀವಿನ ಮೇಲೆ "ಅಪ್‌ರೈಟ್" ಎಂಬ ಗುರುತೂ ಇರುತ್ತದೆ. ಲೈ ಕೋನ ಬದಲಿಸುವುದು ಐರನ್ನಿನಲ್ಲಿ ದೊಡ್ಡ ವಿಷಯ, ಡ್ರೈವರಿನಲ್ಲಿ ಅಲ್ಲ. ಲಾಫ್ಟ್ ಕಡಿಮೆ ಇರುವುದರಿಂದ 10 ಡಿಗ್ರಿಯ ಡ್ರೈವರಿನಲ್ಲಿ ಲೈ 2 ಡಿಗ್ರಿ ಬದಲಾದರೆ ಫೇಸಿನ ಗುರಿ ಬದಲಾಗುವುದು ಸುಮಾರು 0.35 ಡಿಗ್ರಿ, 200 ಗಜಕ್ಕೆ ಒಂದು ಗಜ ಚಿಲ್ಲರೆ. ಅದನ್ನು ಬಿಟ್ಟುಬಿಡಿ.

ಎಷ್ಟು ಲಾಫ್ಟಿನ ಹೆಡ್ ಕೊಳ್ಳಬೇಕು

ಸ್ಲೀವ್ ಇದೆಯಲ್ಲ, 9 ಡಿಗ್ರಿ ಕೊಂಡು ಬೇಕಾದರೆ ಏರಿಸಿಕೊಂಡರಾಯಿತು ಎನ್ನುವವರಿದ್ದಾರೆ. ತಪ್ಪು ಲೆಕ್ಕ. 9ನ್ನು 11ಕ್ಕೆ ಏರಿಸಿದರೆ ಫೇಸ್ 4 ಡಿಗ್ರಿ ಮುಚ್ಚಿ ಕೂರುತ್ತದೆ, ನೋಡಲೂ ಸೊಟ್ಟ, ಹೊಡೆಯಲೂ ಮನಸ್ಸು ಬರುವುದಿಲ್ಲ. ನಿಮಗೆ ಬೇಕಾದ ಲಾಫ್ಟ್ ಸ್ಟ್ಯಾಂಡರ್ಡ್ ಸೆಟ್ಟಿಂಗಿನಲ್ಲೇ, ಇಲ್ಲವೇ ಅದರ ಒಂದು ಡಿಗ್ರಿ ಅಂತರದಲ್ಲಿ ಸಿಗುವಂಥ ಹೆಡ್ ಕೊಳ್ಳಿ. ಸ್ಲೀವ್ ಇರುವುದು ಕೊನೆಯ ಒಂದು ಡಿಗ್ರಿಯನ್ನು ತಿದ್ದುವುದಕ್ಕೆ.

ಡ್ರೈವರಿನಲ್ಲಿ ನಿಮ್ಮ ಬಾಲ್ ಗಾಳಿಯಲ್ಲೇ ಹೋಗುವ ದೂರ, ಅಂದರೆ ಕ್ಯಾರಿ, 180 ಗಜಕ್ಕಿಂತ ಕಡಿಮೆ ಇದ್ದರೆ 12 ಡಿಗ್ರಿ. 180ರಿಂದ 220ರವರೆಗೆ ಹತ್ತೂವರೆ. 230 ದಾಟಿಸುವವರು ಮಾತ್ರ 9ರ ಕಡೆ ನೋಡಬಹುದು. ಹತ್ತೂವರೆ ಹೆಡ್ಡಿಗೆ 2 ಡಿಗ್ರಿ ಸ್ಲೀವ್ ಇದ್ದರೆ ಎಂಟೂವರೆಯಿಂದ ಹನ್ನೆರಡೂವರೆಯವರೆಗೆ ಕೈಯಲ್ಲಿರುತ್ತದೆ. ಅನುಮಾನ ಇರುವವರಿಗೆ ಇದೇ ಸುರಕ್ಷಿತ. ಹೆಡ್ಡಿನ ಮೇಲೆ ಬರೆದ ಲಾಫ್ಟೂ ಅಳೆದಾಗ ಬರುವ ಲಾಫ್ಟೂ ಒಂದೇ ಇರಬೇಕೆಂದಿಲ್ಲ. ಹಳೆಯ ಡ್ರೈವರಿನ ಅಂಕಿಯನ್ನೇ ಹೊಸದಕ್ಕೆ ಹಿಡಿದುಕೊಂಡು ಕೂರಬೇಡಿ.

ಇಲ್ಲೊಂದು ನಮ್ಮ ಕಡೆಯದೇ ಆದ ಮೋಸವಿದೆ. ಹಿಂಗಾರಿ ಜೋಳ ಕೊಯ್ದಾದ ಮೇಲೆ ಬಟಾಬಯಲಾಗುವ ಹೊಲದಲ್ಲೋ ಗಟ್ಟಿ ಮಸಾರಿ ನೆಲದಲ್ಲೋ ಹೊಡೆದರೆ, ಕಡಿಮೆ ಲಾಫ್ಟಿನ ಬಾಲ್ ಬಿದ್ದು ಪುಟಿದು ಮತ್ತೆ ಐವತ್ತು ಗಜ ಓಡುತ್ತದೆ. "9 ಡಿಗ್ರಿಯೇ ದೂರ ಹೋಗುತ್ತದೆ" ಅನ್ನಿಸುತ್ತದೆ. ಅದೇ ಬಾಲ್ ಬೆಂಗಳೂರಿನ ನೀರುಣಿಸಿದ ಫೇರ್‌ವೇಯಲ್ಲಿ ಬಿದ್ದಲ್ಲೇ ನಿಲ್ಲುತ್ತದೆ. ಅದಕ್ಕೇ ಓಟವನ್ನು ಬಿಟ್ಟು ಬಿದ್ದ ಜಾಗವನ್ನೇ ಅಳೆಯಬೇಕು. ಒಣ ಹೊಲದಲ್ಲಿ ಅದಕ್ಕೊಂದು ಅನುಕೂಲವೂ ಇದೆ: ಬಾಲ್ ಬಿದ್ದಲ್ಲಿ ಧೂಳು ಪುಟ್ಟನೆ ಏಳುತ್ತದೆ, ದೂರದಲ್ಲಿ ನಿಂತ ಜೊತೆಗಾರನಿಗೆ ಜಾಗ ಸ್ಪಷ್ಟವಾಗಿ ಸಿಗುತ್ತದೆ.

ಆಷಾಢದ ಗಾಳಿಗೆ ಎದುರಾಗಿ ಆಡಬೇಕೆಂದು ಲಾಫ್ಟ್ ಇಳಿಸುವ ಅಭ್ಯಾಸ ಕೆಲವರಿಗಿದೆ. ಲಾಫ್ಟ್ ಇಳಿದಂತೆ ಫೇಸ್ ತೆರೆಯುತ್ತದೆ, ಸ್ಲೈಸ್ ಹೆಚ್ಚುತ್ತದೆ, ಎದುರು ಗಾಳಿ ಆ ಬಾಗನ್ನು ಇನ್ನಷ್ಟು ಹಿಗ್ಗಿಸುತ್ತದೆ. ಗಾಳಿಯ ದಿನ ಸೆಟ್ಟಿಂಗ್ ಹಾಗೇ ಇರಲಿ, ಗ್ರಿಪ್ಪನ್ನು ಒಂದು ಇಂಚು ಕೆಳಗೆ ಹಿಡಿದು ಮುಕ್ಕಾಲು ಜೋರಿನಲ್ಲಿ ಹೊಡೆಯಿರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿರುವುದರಿಂದ ಬಾಲ್ ಬಳ್ಳಾರಿಗಿಂತ ತುಸು ದೂರ ಹೋಗುತ್ತದೆ. ಅದಕ್ಕೂ ಸೆಟ್ಟಿಂಗ್ ಬದಲಿಸಬೇಕಿಲ್ಲ.

ತೂಕದ ಮಾತು

ಡ್ರೈವರ್ ಹೆಡ್ಡಿನ ತೂಕ ಸುಮಾರು 200 ಗ್ರಾಂ. ಅದರಲ್ಲಿ 12 ಗ್ರಾಂ ತೂಕವನ್ನು ಟೋ ಕಡೆಯಿಂದ ಹೀಲ್ (ಶಾಫ್ಟಿಗೆ ಹತ್ತಿರದ ತುದಿ) ಕಡೆಗೆ 75 ಮಿಲಿಮೀಟರ್ ಸರಿಸಿದರೆ ಗುರುತ್ವ ಕೇಂದ್ರ ಸರಿಯುವುದು ನಾಲ್ಕೂವರೆ ಮಿಲಿಮೀಟರ್. ಗಣಿತ ಸುಲಭ: 12ನ್ನು 75ರಿಂದ ಗುಣಿಸಿ 200ರಿಂದ ಭಾಗಿಸಿ. ಹೀಲ್ ಕಡೆ ಸರಿದಾಗ ಬಾಲ್ ಎಡಕ್ಕೆ ಬಾಗುವ ಒಲವು ಬರುತ್ತದೆ, ಸ್ಲೈಸ್ ತಗ್ಗುತ್ತದೆ. ಪರಿಣಾಮ ಇರುವುದು ನಿಜ. ಆದರೆ ಹವ್ಯಾಸಿಯ ಬಾಲ್ ಫೇಸಿನಲ್ಲಿ ತಾಗುವ ಜಾಗವೇ ಒಂದು ಹೊಡೆತದಿಂದ ಇನ್ನೊಂದಕ್ಕೆ ಎರಡು ಸೆಂಟಿಮೀಟರ್ ಅತ್ತಿತ್ತ ಹೋಗುತ್ತದೆ. ನಾಲ್ಕೂವರೆ ಮಿಲಿಮೀಟರಿನ ಗುಣ ಅದರೊಳಗೆ ಮುಳುಗಿಹೋಗುತ್ತದೆ. ಟೋ ಕಡೆ ಹೊಡೆಯುವ ಅಭ್ಯಾಸ ಇದ್ದವರಿಗಂತೂ ತೂಕ ಹೀಲಿಗೆ ಹೋದಷ್ಟೂ ಫೇಸಿನ ಸವಿಜಾಗ (ಬಾಲಿಗೆ ಪೂರ್ತಿ ಬಲ ಸಿಗುವ ಜಾಗ, ಸ್ವೀಟ್ ಸ್ಪಾಟ್) ಅವರಿಂದ ದೂರ ಸರಿದು ವೇಗ ಕಡಿಮೆಯಾಗುತ್ತದೆ.

ಹಳಿಯೂ ಅದರ ಕಟ್ಟಡವೂ ಹೆಡ್ಡಿನ ತೂಕದಲ್ಲೇ ಪಾಲು ಕೇಳುತ್ತವೆ ಎಂಬುದು ಇನ್ನೊಂದು. ಆ ಗ್ರಾಂಗಳನ್ನು ಹೆಡ್ಡಿನ ಹಿಂದೆ, ಕೆಳಗೆ ಹಾಕಿದ್ದರೆ ಅಂಚಿಗೆ ತಾಗಿದ ಹೊಡೆತಕ್ಕೆ ಹೆಡ್ ಕಡಿಮೆ ತಿರುಚುತ್ತಿತ್ತು. 2024ರಲ್ಲಿ ಬಂದ ಪಿಂಗ್ ಜಿ430 ಮ್ಯಾಕ್ಸ್ 10ಕೆ ಮತ್ತು ಟೇಲರ್‌ಮೇಡ್ ಕ್ಯೂಐ10 ಮ್ಯಾಕ್ಸ್, ಎರಡೂ ತಿರುಚದಿರುವುದಕ್ಕೆಂದೇ ಮಾಡಿದ ಹೆಡ್‌ಗಳು. ಎರಡರಲ್ಲೂ ಲಾಫ್ಟ್ ಸ್ಲೀವ್ ಇದೆ, ಓಡುವ ತೂಕ ಇಲ್ಲ. ಹವ್ಯಾಸಿಗೆ ಬೇಕಾದ ಜೋಡಣೆ ಇದೇ. ಸ್ಲೈಸಿಗೆ ತೂಕದ ನೆರವು ಬೇಕೇ ಬೇಕು ಎಂದರೆ, ಪಿಂಗ್‌ನ ಎಸ್‌ಎಫ್‌ಟಿ ಹೆಡ್‌ಗಳಂತೆ ಹೀಲ್ ಕಡೆಗೇ ತೂಕ ಕೊಟ್ಟು ಮಾಡಿದ ಹೆಡ್ ನೋಡಿ.

ತೂಕದ ಸ್ಕ್ರೂ ಒಂದು ಕೆಲಸಕ್ಕೆ ಮಾತ್ರ ನಿಜಕ್ಕೂ ಬೇಕಾಗುತ್ತದೆ. ಈಗಿನ ಡ್ರೈವರುಗಳು 45 ಇಂಚಿಗೂ ಉದ್ದ. ನಡುವಿಗೆ ಹೊಡೆಯಲಾಗದವರಿಗೆ ಅರ್ಧ ಇಂಚು ಕತ್ತರಿಸುವುದು ಯಾವ ಸೆಟ್ಟಿಂಗಿಗಿಂತಲೂ ಹೆಚ್ಚು ಉಪಯೋಗ. ಆದರೆ ಅರ್ಧ ಇಂಚಿಗೆ ಸ್ವಿಂಗ್‌ವೇಟ್ (ಬೀಸುವಾಗ ಹೆಡ್ ಕೈಗೆ ತೋರುವ ಭಾರದ ಅಳತೆ) ಮೂರು ಅಂಶ ಇಳಿದು ಹೆಡ್ ಕೈಗೆ ಹಗುರೆನಿಸುತ್ತದೆ. ಒಂದು ಅಂಶಕ್ಕೆ ಸುಮಾರು 2 ಗ್ರಾಂ, ಅಂದರೆ 6 ಗ್ರಾಂ ಹೆಚ್ಚಿನ ಸ್ಕ್ರೂ ಹಾಕಿದರೆ ಸರಿಹೋಗುತ್ತದೆ. ಕತ್ತರಿಸುವ ಮೊದಲು ಎರಡು ವಾರ ಅಷ್ಟು ಕೆಳಗೆ ಹಿಡಿದು ಹೊಡೆದು ನೋಡಿ.

ಫಿಕ್ಸೆಡ್ ಯಾರಿಗೆ

ಹೊಸದಾಗಿ ಕಲಿಯುತ್ತಿರುವವರಿಗೆ ಫಿಕ್ಸೆಡ್ ಸಾಕು. ಮೊದಲ ವರ್ಷ ಸ್ವಿಂಗ್ ತಿಂಗಳಿಗೊಂದು ಬಗೆ ಇರುತ್ತದೆ, ಯಾವ ಸೆಟ್ಟಿಂಗೂ ನಿಲ್ಲದು. ಹತ್ತೂವರೆ ಅಥವಾ 12 ಡಿಗ್ರಿಯ ಸಾಧಾರಣ ಡ್ರೈವರ್ ತೆಗೆದುಕೊಂಡು, ಉಳಿದ ಹಣವನ್ನು ಪಾಠಕ್ಕೂ ಬಾಲಿಗೂ ಹಾಕಿ. ಒಮ್ಮೆ ಬೆಂಗಳೂರಿನಲ್ಲಿ ಅಳತೆ ಮಾಡಿಸಿಕೊಂಡು ಬಂದವರಿಗೂ ಫಿಕ್ಸೆಡ್ ಸಾಕು. ಸೆಟ್ಟಿಂಗ್ ಕಂಡರೆ ಕೈ ತಡೆಯದವರಿಗೆ ಫಿಕ್ಸೆಡ್ಡೇ ಕ್ಷೇಮ. ಸ್ಲೀವ್ ಮತ್ತು ಸ್ಕ್ರೂ ಇಲ್ಲದ್ದರಿಂದ ಕುತ್ತಿಗೆಯಲ್ಲಿ ಕೆಲವು ಗ್ರಾಂ ಉಳಿಯುತ್ತದೆ, ಕಳಚುವ ಭಾಗವೂ ಕಡಿಮೆ.

ಕೊರತೆ ಒಂದೇ: ಶಾಫ್ಟ್ ಮುರಿದರೆ ಅಥವಾ ಬದಲಿಸಬೇಕೆನಿಸಿದರೆ ಹೆಡ್ ಕಾಯಿಸಿ ಅಂಟು ಬಿಡಿಸಿ ಮತ್ತೆ ಅಂಟಿಸಬೇಕು, ಆ ಕೆಲಸದವರು ಹತ್ತಿರ ಇಲ್ಲ. ಸ್ಲೀವ್ ಇದ್ದರೆ ಅದೇ ಕಂಪನಿಯ ಸ್ಲೀವ್ ಕೂರಿಸಿದ ಶಾಫ್ಟ್ ತರಿಸಿಕೊಂಡು ಎರಡು ನಿಮಿಷದಲ್ಲಿ ಮನೆಯಲ್ಲೇ ಹಾಕಬಹುದು. ಬಳ್ಳಾರಿ, ಕೊಪ್ಪಳದಲ್ಲಿ ಕೂತವರಿಗೆ ಇದು ಸಣ್ಣ ಅನುಕೂಲವಲ್ಲ.

ಧೂಳು, ಬಿಸಿಲು, ಸ್ಕ್ರೂ

ಸೆಟ್ಟಿಂಗ್ ಬದಲಿಸುವ ಕ್ರಮ ಹೀಗೆ. ಡ್ರೈವರಿನ ಜೊತೆ ಬಂದ ಟಾರ್ಕ್ ರೆಂಚನ್ನೇ ಬಳಸಿ. ಸ್ಕ್ರೂ ತಲೆಗೆ ನೇರವಾಗಿ, ಪೂರ್ತಿ ಒಳಗೆ ಕೂರಿಸಿ ಎಡಕ್ಕೆ ತಿರುಗಿಸಿ. ಹೆಡ್ ಸಡಿಲಾಗಿ ಕೆಳಗಿಳಿಯುತ್ತದೆ. ಸ್ಲೀವನ್ನು ಹೊರಗೆಳೆದು, ಬೇಕಾದ ಗುರುತನ್ನು ಹೆಡ್ಡಿನ ಗೆರೆಗೆ ಹೊಂದಿಸಿ ಮತ್ತೆ ಇಳಿಸಿ. ಸ್ಲೀವಿಗೂ ಹೆಡ್ಡಿಗೂ ನಡುವೆ ಕೂದಲೆಳೆಯಷ್ಟೂ ಸಂದು ಕಾಣಬಾರದು. ಮೊದಲು ಬೆರಳ ಬಲದಲ್ಲಿ ಸ್ಕ್ರೂ ಹಿಡಿಸಿ, ಆಮೇಲೆ ರೆಂಚ್ "ಕಟ್" ಎನ್ನುವವರೆಗೆ ಬಿಗಿಯಿರಿ. ಆ ಬಿಗಿ ಸಾಮಾನ್ಯವಾಗಿ 40 ಇಂಚು-ಪೌಂಡ್, ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ನ್ಯೂಟನ್ ಮೀಟರ್. ಕಟ್ ಎಂದ ಮೇಲೆ ಇನ್ನೊಂದು ಸುತ್ತು ಬೇಡ. ರೆಂಚ್ ಕಳೆದುಹೋಯಿತೆಂದು ಸೈಕಲ್ ಅಂಗಡಿಯ ಪಾನಾದಿಂದ ಅಂದಾಜಿನ ಮೇಲೆ ಬಿಗಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ. ಆಮೇಲೆ ಸ್ಲೀವ್ ಬದಲಿಸದೆ ದಾರಿಯಿಲ್ಲ.

ಸಂಡೂರು–ತೋರಣಗಲ್ಲು ಕಡೆಯ ಕೆಂಪು ಅದಿರು ಧೂಳೂ, ರಾಯಚೂರು–ಕೊಪ್ಪಳದ ಎರೆಮಣ್ಣಿನ ಪುಡಿಯೂ ಸ್ಕ್ರೂ ಥ್ರೆಡ್ಡಿಗೆ ಶತ್ರು. ಥ್ರೆಡ್ಡಿನಲ್ಲಿ ಧೂಳು ಕೂತರೆ ಸ್ಕ್ರೂ ತಿರುಗುವುದೇ ಬಿಗಿಯಾಗಿ, ಹೆಡ್ ಸರಿಯಾಗಿ ಕೂರುವ ಮೊದಲೇ ರೆಂಚ್ ಕಟ್ ಎನ್ನುತ್ತದೆ. ಬಿಗಿದಾಯಿತು ಎಂದುಕೊಂಡು ಹೊಡೆದರೆ ಹತ್ತನೇ ಬಾಲಿಗೆ ಹೆಡ್ ಟಿಕ್ ಟಿಕ್ ಎನ್ನತೊಡಗುತ್ತದೆ. ಪ್ರತಿ ಸಲ ಬಿಚ್ಚಿದಾಗ ಸ್ಕ್ರೂ, ಸ್ಲೀವಿನ ಹಲ್ಲು, ಹೋಸೆಲ್ ಒಳಗೋಡೆ ಮೂರನ್ನೂ ಹಳೆಯ ಟೂತ್‌ಬ್ರಷ್‌ನಿಂದ ಒಣಗಿದ್ದಂತೆಯೇ ತಿಕ್ಕಿ ಊದಿ. ಎಣ್ಣೆ ಹಾಕಬೇಡಿ, ಎಣ್ಣೆಗೆ ಧೂಳು ಇನ್ನೂ ಅಂಟುತ್ತದೆ, ಬಿಗಿಯ ಅಳತೆಯೂ ತಪ್ಪುತ್ತದೆ. ಹೊಸದಾಗಿ ಬಿಗಿದ ಮೇಲೆ ಇಪ್ಪತ್ತು ಬಾಲ್ ಹೊಡೆದು ಮತ್ತೊಮ್ಮೆ ರೆಂಚ್ ಹಾಕಿ ನೋಡಿ.

ಬಿಸಿಲಿನ ಮಾತು ಎರಡೂ ಬಗೆಗೆ ಒಂದೇ. ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿ ಹೊರಗಿನ ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ, ಎಪಾಕ್ಸಿ ಅಂಟು ದಿನೇ ದಿನೇ ಸಡಿಲುತ್ತದೆ. ಸ್ಲೀವ್ ಕೂಡ ಶಾಫ್ಟಿಗೆ ಅದೇ ಅಂಟಿನಲ್ಲಿ ಕೂತಿದೆ ಎಂಬುದನ್ನು ಮರೆಯಬೇಡಿ. ಸ್ಲೀವಿನ ಮೇಲಿನ ಕಪ್ಪು ಪ್ಲಾಸ್ಟಿಕ್ ಬಳೆ ಮೇಲೆ ಸರಿದು ಸಂದು ಕಂಡರೆ ಅಂಟು ಬಿಡುತ್ತಿದೆ ಎಂದರ್ಥ; ಹೊಡೆಯುವುದು ನಿಲ್ಲಿಸಿ, ಇಲ್ಲವಾದರೆ ಹೆಡ್ ಬಾಲಿನ ಹಿಂದೆಯೇ ಹಾರುತ್ತದೆ. ಆಡಿ ಬಂದ ಕೂಡಲೇ ಬ್ಯಾಗ್ ಮನೆಯೊಳಗೆ ಬರಲಿ.

ಸೆಟ್ಟಿಂಗ್ ಹಿಡಿಯುವ ಪರೀಕ್ಷೆ

ನೆಟ್‌ನಲ್ಲಿ ಲಾಫ್ಟ್ ತೀರ್ಮಾನವಾಗುವುದಿಲ್ಲ, ಬಾಲ್ ಬಾಗುವುದು ಅಲ್ಲಿ ಕಾಣುವುದೇ ಇಲ್ಲ. ನೆಟ್‌ನಲ್ಲಿ ಆಗುವ ಕೆಲಸ ಬೇರೆ: ಬಾಲ್ ಫೇಸಿನಲ್ಲಿ ಎಲ್ಲಿ ತಾಗುತ್ತದೆ ಎಂದು ನೋಡುವುದು. ಬಿಳಿ ಬಳಪವನ್ನು ನೀರಲ್ಲಿ ನೆನೆಸಿ ಫೇಸಿಗೆ ತೆಳ್ಳಗೆ ಸವರಿ ಒಣಗಲು ಬಿಡಿ. ಹೊಡೆದ ಮೇಲೆ ಆ ಬಿಳುಪಿನಲ್ಲಿ ಬಾಲಿನ ಗುಳಿಗಳ ಅಚ್ಚು ಸಣ್ಣ ಜೇನುಗೂಡಿನಂತೆ ಮೂಡುತ್ತದೆ. ಹತ್ತು ಹೊಡೆತದ ಅಚ್ಚುಗಳು ಹೀಲ್ ಕಡೆಗೇ ಗುಂಪಾಗಿದ್ದರೆ ನಿಮ್ಮ ಸ್ಲೈಸಿನ ಒಂದು ಭಾಗ ಅಲ್ಲಿಂದಲೇ ಬರುತ್ತಿದೆ. ಹೀಲಿಗೆ ತಾಗಿದ ಬಾಲ್ ಬಲಕ್ಕೆ, ಟೋಗೆ ತಾಗಿದ್ದು ಎಡಕ್ಕೆ ಬಾಗುವುದು ಡ್ರೈವರಿನ ಸ್ವಭಾವ. ಫೇಸಿನ ಕೆಳಗೆ ತಾಗಿದರೆ ಬಾಲ್ ತಗ್ಗಿ ಹೊರಟು ಸ್ಪಿನ್ ಹೆಚ್ಚಿ ದೂರ ಹೋಗದು. ಅದಕ್ಕೆ ಟೀ (ಬಾಲ್ ಕೂರಿಸುವ ಕಡ್ಡಿ) ಎತ್ತರಿಸಬೇಕು, ಲಾಫ್ಟ್ ಏರಿಸಬಾರದು. ತಾಗುವ ಜಾಗ ಮೊದಲು ಸರಿಮಾಡಿ, ಸ್ಲೀವ್ ಆಮೇಲೆ.

ಆಮೇಲಿನದು ಬಯಲಿನಲ್ಲಿ ಇಲ್ಲವೇ ಪಟ್ಟಣದ ಅಭ್ಯಾಸದ ರೇಂಜಿನಲ್ಲಿ. ಹೊಲವಾದರೆ ಹೊಲದವರನ್ನು ಕೇಳಿ, ಕುರಿ ದನ ಇಲ್ಲದ ಬೆಳಗಿನ ಹೊತ್ತು ನೋಡಿ. ಬೇಸಿಗೆಯ ಎರೆಹೊಲದ ಬಿರುಕಿಗೆ ಬಾಲ್ ಬಿದ್ದರೆ ಸಿಗುವುದಿಲ್ಲ, ಹೆಚ್ಚೇ ಇಟ್ಟುಕೊಳ್ಳಿ. ಆದರೆ ಎಲ್ಲ ಒಂದೇ ಮಾದರಿಯ ಬಾಲ್ ಆಗಿರಲಿ. ಸ್ಟ್ಯಾಂಡರ್ಡ್‌ನಲ್ಲಿ ಹತ್ತು, 1 ಡಿಗ್ರಿ ಏರಿಸಿ ಹತ್ತು, ಮತ್ತೆ ಸ್ಟ್ಯಾಂಡರ್ಡಿಗೆ ಬಂದು ಹತ್ತು. ಮೂರನೆಯ ಹತ್ತು ಏಕೆಂದರೆ, ಮೈ ಬಿಸಿಯಾದಂತೆ ಹೊಡೆತ ತಾನಾಗಿಯೇ ಸುಧಾರಿಸುತ್ತದೆ. ಅದರ ಯಶಸ್ಸನ್ನು ಸ್ಲೀವಿಗೆ ಕೊಡಬಾರದು. ಗುರಿಗೆರೆಯಿಂದ ಎಷ್ಟು ಹೆಜ್ಜೆ ಬಲಕ್ಕೆ, ಎಷ್ಟು ಎಡಕ್ಕೆ, ಎಲ್ಲಿ ಬಿತ್ತು, ಎಲ್ಲವನ್ನೂ ಬರೆಯಿರಿ. ಕೆಟ್ಟ ಹೊಡೆತವನ್ನೂ ಬಿಡಬೇಡಿ. ಅತಿ ದೂರ ಹೋದ ಬಾಲ್ ಮೇಲೆ ಕಣ್ಣಿಡಬೇಡಿ, ಹತ್ತರಲ್ಲಿ ಎಷ್ಟು ಬಾಲ್ ಮೂವತ್ತು ಗಜ ಅಗಲದೊಳಗೆ ಬಿದ್ದವು ಎಂಬುದೇ ಅಂಕ. ಇನ್ನೊಂದು ಬೆಳಿಗ್ಗೆ ಇದನ್ನೇ ಮತ್ತೆ ಮಾಡಿ. ಎರಡೂ ದಿನ ಒಂದೇ ಸೆಟ್ಟಿಂಗ್ ಗೆದ್ದರೆ ಅದು ನಿಮ್ಮದು. ಬೇರೆ ಬೇರೆ ಗೆದ್ದರೆ ಸ್ಟ್ಯಾಂಡರ್ಡಿನಲ್ಲೇ ಇರಿ.

ಕೊಳ್ಳುವಾಗ

ಹೊಸ ಮಾದರಿಗೇ ಕಾಯಬೇಕಿಲ್ಲ. ಎರಡು ಮೂರು ವರ್ಷ ಹಳೆಯ ಸ್ಲೀವ್ ಡ್ರೈವರ್ ಸೆಕೆಂಡ್‌ಹ್ಯಾಂಡಿನಲ್ಲಿ ಒಳ್ಳೆಯ ವ್ಯಾಪಾರ. ಹಣ ಕೊಡುವ ಮೊದಲು ಸ್ಕ್ರೂ ಬಿಚ್ಚಿಸಿ ಸ್ಲೀವ್ ಹೊರತೆಗೆದು ನೋಡಿ: ಹಲ್ಲು ಸವೆದಿದೆಯೇ, ಬುಡದಲ್ಲಿ ಬಿರುಕಿದೆಯೇ, ಸ್ಕ್ರೂ ಸಲೀಸಾಗಿ ಹಿಡಿಯುತ್ತದೆಯೇ. ಕಿವಿಯ ಹತ್ತಿರ ಹೆಡ್ ಅಲುಗಾಡಿಸಿ ಕೇಳಿ. ಒಳಗೆ ಅಂಟಿನ ಉಂಡೆ ಉರುಳುವ ಸದ್ದು ತೊಂದರೆಯಲ್ಲ, ಕುತ್ತಿಗೆಯಿಂದ ಬರುವ ಟಿಕ್ ಸದ್ದು ತೊಂದರೆ. ಕಂಪನಿಯಿಂದ ಕಂಪನಿಗೆ ಸ್ಲೀವ್ ಹೊಂದುವುದಿಲ್ಲ, ಒಂದೇ ಕಂಪನಿಯಲ್ಲೂ ಹಳೆಯ ಪೀಳಿಗೆಯದು ಹೊಸದಕ್ಕೆ ಕೂರದಿರಬಹುದು. ಎಡಗೈ ಆಟಗಾರರು ಸ್ಲೀವಿನ ಗುರುತುಗಳನ್ನು ಎಡಗೈ ಪಟ್ಟಿಯಲ್ಲೇ ನೋಡಬೇಕು. ನಕಲಿ ಡ್ರೈವರ್‌ಗಳ ಕಾಟವೂ ಇದೆ: ಬೆಲೆ ಅರ್ಧಕ್ಕಿಂತ ಕೆಳಗಿದ್ದು, ಹೋಸೆಲ್ ಮೇಲೆ ಸೀರಿಯಲ್ ನಂಬರ್ ಇಲ್ಲದಿದ್ದರೆ ದೂರ ಇರಿ.

ಸ್ಪರ್ಧೆ ಆಡುವವರಿಗೆ ನಿಯಮ 4.1 ಗೊತ್ತಿರಲಿ. ಸುತ್ತು ಶುರುವಾದ ಮೇಲೆ ಬೇಕೆಂದೇ ಸೆಟ್ಟಿಂಗ್ ಬದಲಿಸಿ ಆ ಕ್ಲಬ್ಬಿನಲ್ಲಿ ಒಂದು ಹೊಡೆತ ಹೊಡೆದರೂ ಅನರ್ಹ. ಹೊಡೆಯುವ ಮೊದಲು ಇದ್ದಂತೆ ತಿರುಗಿಸಿಟ್ಟರೆ ದಂಡವಿಲ್ಲ.

ಸೆಟ್ಟಿಂಗ್ ತೀರ್ಮಾನವಾದ ಮೇಲೆ, ಕಾರ್ಖಾನೆಯಲ್ಲಿ ಬಿಗಿದ ಬೋಲ್ಟಿಗೆ ಬಣ್ಣ ಹಚ್ಚುವಂತೆಯೇ, ಸ್ಕ್ರೂ ತಲೆಯಿಂದ ಸೋಲ್ ಮೇಲೆ ದಾಟುವಂತೆ ಉಗುರುಬಣ್ಣದಲ್ಲಿ ಕೂದಲಿನಷ್ಟು ತೆಳುವಾದ ಒಂದು ಗೆರೆ ಎಳೆಯಿರಿ. ಪ್ರತಿ ಸಲ ಟೀ ಮೇಲೆ ನಿಲ್ಲುವ ಮೊದಲು ಹೆಡ್ ತಿರುವಿ ಆ ಗೆರೆ ನೋಡಿ. ಗೆರೆ ಒಡೆದು ಎರಡು ತುಂಡಾಗಿದ್ದರೆ ಸ್ಕ್ರೂ ಸಡಿಲಿದೆ, ರೆಂಚ್ ಹಾಕಿ.